ಏರಿನಲ್ಲಿ ಬರುವ ಶಬ್ದ

ಹರಿಣಾಕ್ಷಿ ಇವತ್ತೊಂದು ದಿನ ಬಾರದೆ ಇದ್ದರೆ ಸಾಕು ಎಂದುಕೊಳ್ಳುತ್ತಲೇ ಸುಧಾಕರ ಗ್ಯಾರೇಜಿನ ಶಟರ್ ಎತ್ತಿದ. ಬನ್ನಿ ಎಂದು ಫೋನು ಮಾಡಿ ಕರೆದವನು ಅವನೇ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ಹೆಂಡತಿ ವಿನಯಾ ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದದ್ದನ್ನು ನೋಡಿಕೊಂಡು, ಅಂಗಳದ ತುದಿಗೆ ಹೋಗಿ ನಿಂತು ಮಾತಾಡಿದ್ದ. ಅವಸರ ಏನೂ ಇಲ್ಲ, ಈ ಕಡೆ ಬರುವುದಿದ್ದರೆ ಕಾರನ್ನೊಮ್ಮೆ ತನ್ನಿ, ಹಳೆ ಗಾಡಿಯಲ್ಲವೇ, ಸುಮ್ಮನೆ ಒಂದು ಕಣ್ಣು ಹಾಯಿಸಿ ಕೊಡುತ್ತೇನೆ ಎಂದು, ಉಪಕಾರ ಮಾಡುವವನ ದನಿಯಲ್ಲಿ ಹೇಳಿದ್ದ. ಆಚೆ ಕಡೆಯಿಂದ ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅಥವಾ ಹೇಳಿದ್ದು ಇವನಿಗೆ ಕೇಳಲಿಲ್ಲ. ಇವೆರಡರಲ್ಲಿ ಯಾವುದು ಎಂದು ಈಗೀಗ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನಾಳೆ ಬೆಳಿಗ್ಗೆ ಬತ್ತೆ ಎಂದದ್ದು ಕೇಳಿಸಿತು. ಕೇಳಿಸಿದ ಕೂಡಲೇ, ಯಾಕೆ ಕರೆದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಹಾಲಾಡಿಯ ಕೂಡುರಸ್ತೆಯಲ್ಲಿ ಅಷ್ಟು ಹೊತ್ತಿಗೇ ಗಲಾಟೆ ಶುರುವಾಗಿತ್ತು. ಕುಂದಾಪುರದ ಬಸ್ಸು ತಿರುವಿನಲ್ಲಿ ನಿಂತು ಬುಸುಗುಟ್ಟುತ್ತಿತ್ತು, ಕಲ್ಲು ಹೇರಿದ ಟಿಪ್ಪರು ಹಾರ್ನು ಹಾಕುತ್ತಿತ್ತು. ಇದೆಲ್ಲ ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಅದೇ ಮೋಸ. ದಪ್ಪ ಶಬ್ದಗಳೆಲ್ಲ ಇದ್ದಲ್ಲೇ ಇದ್ದವು; ತೆಳು ಶಬ್ದಗಳು ಮಾತ್ರ ಹೇಳದೆ ಕೇಳದೆ ಎದ್ದು ಹೋಗಿದ್ದವು. ಹೋಗುವಾಗ ಒಂದು ಮಾತು ಹೇಳಿ ಹೋಗಿದ್ದರೆ ಇವನೂ ಒಂದು ಎಚ್ಚರಿಕೆಯಲ್ಲಿ ಇರುತ್ತಿದ್ದ. ಕಳೆದ ಮಳೆಗಾಲದಲ್ಲಿ ಜೀರುಂಡೆ ಕಡಿಮೆಯಾಗಿದೆ ಎಂದು ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದ. ಔಷಧ ಹೊಡೆದು ಹೊಡೆದು ಹುಳುವೆಲ್ಲ ಸತ್ತವು ಎಂದು ಕಾರಣವನ್ನೂ ಕೊಟ್ಟಿದ್ದ. ವಿನಯಾ ಅವನ ಮುಖ ನೋಡಿ ಸುಮ್ಮನಾಗಿದ್ದಳು. ಅವಳು ಆಗಲೇ ತಿಳಿದಿದ್ದಳೋ ಏನೋ. ಹೆಂಡತಿಯರಿಗೆ ಮೊದಲೇ ತಿಳಿದಿರುವ ಸಂಗತಿಗಳನ್ನು ಲೆಕ್ಕ ಹಾಕುತ್ತ ಕುಳಿತರೆ ಗಂಡಸು ಮನೆಯೊಳಗೆ ತಲೆ ಎತ್ತಿ ತಿರುಗುವುದು ಕಷ್ಟ.

ಪಕ್ಕದ ಟಯರು ಅಂಗಡಿಯ ಜಿತೇಂದ್ರ ಬೆಂಚನ್ನು ಹೊರಗೆಳೆದು ಹಾಕಿದ. ಈ ಬೆಂಚಿನ ಮೇಲೆ ಬೆಳಗಿನ ಚಾ ಕುಡಿಯಲು ದಿನಾ ನಾಲ್ಕಾರು ಮಂದಿ ಸೇರುತ್ತಾರೆ. ಸೇರಿದವರು ಸುಧಾಕರನ ಕಿವಿಯ ಕತೆ ಹೇಳದೆ ಏಳುವುದಿಲ್ಲ. ಹೊಸಬ ಯಾರಾದರೂ ಬಂದರೆ ಜಿತೇಂದ್ರನಿಗೆ ಹುರುಪು. ಇವನು ಬಾನೆಟ್ ತೆಗೆಯುವುದಿಲ್ಲ ಮಾರಾಯ್ರೆ, ಗಾಡಿ ರಸ್ತೆಯಲ್ಲಿ ತಿರುಗುವಾಗಲೇ ಎಷ್ಟನೇ ಪಿಸ್ಟನ್ ಸೋತಿದೆ ಎಂದು ಇಲ್ಲಿಂದ ಹೇಳುತ್ತಾನೆ ಎಂದು ಶುರು ಮಾಡುತ್ತಾನೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಒಂದು ಕಾಲದಲ್ಲಿ ಸುಧಾಕರ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿನವರು ಉಸಿರು ಬಿಗಿಹಿಡಿಯುತ್ತಿದ್ದರು. ಮೈಮೇಲೆ ದೈವ ಬಂದು ದರ್ಶನಕ್ಕೆ ನಿಂತ ಪಾತ್ರಿಯ ಬಾಯಿಂದ ಏನು ಬರುತ್ತದೋ ಎಂದು ಕಾದ ಹಾಗೆ ಕಾಯುತ್ತಿದ್ದರು. ಆ ಕಾಯುವಿಕೆಯ ರುಚಿ ಅವನಿಗೆ ಹತ್ತಿತ್ತು. ಈಗಲೂ ಅವನು ಹಾಗೆ ನಿಲ್ಲುತ್ತಾನೆ, ಅವರು ಹಾಗೆಯೇ ಕಾಯುತ್ತಾರೆ. ಒಳಗೆ ಕೇಳುವುದು ಮಾತ್ರ ಮೊದಲಿನ ಅರ್ಧ. ಉಳಿದರ್ಧವನ್ನು ಅವನು ಅನುಭವದಿಂದ ತುಂಬಿಸಿಕೊಳ್ಳುತ್ತಿದ್ದ. ಅಂದರೆ ಊಹಿಸುತ್ತಿದ್ದ.

ಹೋದ ತಿಂಗಳು ಹರಿಣಾಕ್ಷಿ ಬಂದ ದಿನವೂ ಈ ಬೆಂಚು ತುಂಬಿತ್ತು. ಕೊಕ್ಕರ್ಣೆಯವಳು. ಗಂಡ ಭೋಜರಾಜ ಶೆಟ್ಟರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಷ್ಟು ಕಾಲ ಶೆಡ್ಡಿನಲ್ಲಿ ಹಾಯಾಗಿ ಮಲಗಿದ್ದ ಬಿಳಿ ಮಾರುತಿ ಕಾರನ್ನು, ಶೆಟ್ಟರಿಗೆ ಹೇಳದೆಯೇ ಡ್ರೈವಿಂಗ್ ಕಲಿತು, ಎಬ್ಬಿಸಿ ರಸ್ತೆಗೆ ತಂದವಳು. ಊರಕೋಳಿಯ ಮರಿ ಮಾಡಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ಬೇಕಾದವರಿಗೆ ಮುಟ್ಟಿಸುತ್ತಾಳೆ. ಶೆಟ್ಟರು ಈಗ ಹೋಟೆಲನ್ನು ಅಣ್ಣನ ಮಗನಿಗೆ ಬಿಟ್ಟು ಮನೆಯಲ್ಲಿದ್ದಾರೆ. ಆ ಕಾರನ್ನು ಗುಜರಿಗೆ ಹಾಕಿ ಮರ್ಯಾದೆಯಾಗಿ ಮನೆಯಲ್ಲಿ ಕುಳಿತುಕೋ ಎಂಬುದು ಅವರ ದಿನದ ಮಾತು. ಅಂದು ಇಬ್ಬರೂ ಬಂದಿದ್ದರು. ಆಕೆ ಕಾರಿನಿಂದ ಇಳಿದು, ಬೆಂಚಿನವರನ್ನು ಲೆಕ್ಕಿಸದೆ, ನೇರ ಸುಧಾಕರನಿಗೇ ಹೇಳಿದಳು.

"ಏರ್ ಹತ್ತುವತಿಗೆ ಒಂದ್ ಶಬ್ದ ಬತ್ತ್, ಸುಧಾಕರಣ್ಣ. ಮುಚ್ಚಲ್ ಹಾಕಿ ಒಗ್ಗರ್ಣಿ ಇಟ್ರೆ ಸಾಸ್ಮಿ ಸಿಡಿತಲ್ದಾ, ಹಾಂಗೆ. ನೀವ್ ಟ್ಯೂನ್ ಮಾಡಿ ಕೊಟ್ ಮೇಲೇ ಬಪ್ಪುಕೆ ಶುರು ಆದದ್ದ್."

ಚುಚ್ಚಿದ್ದು ಕೊನೆಯ ಮಾತು. ಅದಿಲ್ಲದಿದ್ದರೆ ಅವನು ಸುಮ್ಮನೆ ಇರುತ್ತಿದ್ದನೋ ಏನೋ. ಆಕೆ ಅದನ್ನು ದೂರುವ ಹಾಗೆ ಹೇಳಿರಲಿಲ್ಲ, ವೈದ್ಯರಿಗೆ ಜ್ವರ ಯಾವಾಗ ಬಂತು ಎಂದು ತಿಳಿಸುವ ಹಾಗೆ ಹೇಳಿದ್ದಳು. ಶಂಕರನಾರಾಯಣ ಊರಿನ ಕಡೆಗಿನ ಏರಿನಲ್ಲಿ ಅವನೇ ಓಡಿಸಿ ನೋಡಿದ. ಮುಂದಿನ ಸೀಟಿನಲ್ಲಿ ಶೆಟ್ಟರು, ಹಿಂದೆ ಆಕೆ. ಎಂಜಿನ್ ಚೂಟಿಯಾಗಿ ಎಳೆಯುತ್ತಿತ್ತು, ಶಬ್ದ ಏನೂ ಇರಲಿಲ್ಲ. ಹಿಂದಿನಿಂದ ಆಕೆ ಈಗ, ಈಗ, ಕೇಳಿ ಎಂದು ಬೆನ್ನಿಗೆ ಹತ್ತಿರವೇ ಹೇಳುತ್ತಿದ್ದಳು. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. ಅವಳ ಮುಖದಲ್ಲಿ ಸುಳ್ಳು ಹೇಳುವವರ ಕಳೆ ಇರಲಿಲ್ಲ. ಅದನ್ನು ಅವನು ಆಗಲೇ ಗಮನಿಸಿದ್ದ. ಗಮನಿಸಿಯೂ ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಕಿವಿಗಿಟ್ಟು, ಬೇಕೆಂದೇ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ. ಆಮೇಲೆ ಕಣ್ಣು ತೆರೆದು ಶೆಟ್ಟರಿಗೆ ಹೇಳಿದ.

"ಶಬ್ದ ಕಾರಗ್ ಇಲ್ಲೆ ಶೆಟ್ರೆ. ಅಕ್ಕನ ಕೆಮಿಯಗ್ ಇತ್ತ್."

ಅಕ್ಕನ ಕಿವಿಯಲ್ಲಂತೆ ಶಬ್ದ ಎಂದು ಬೆಂಚು ಎದ್ದು ನಕ್ಕಿತು. ಕಾರಿಗೆ ಒಗ್ಗರಣೆ ಹಾಕಿ ನೋಡಿದ್ದು ಇದೇ ಮೊದಲು ಎಂದು ಜಿತೇಂದ್ರ ಸೇರಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಶೆಟ್ಟರು. ಇಷ್ಟು ದಿನದ ಅವರ ಮಾತಿಗೆ ಒಬ್ಬ ತಿಳಿದವನ ಸಹಿ ಬಿದ್ದಂತಾಗಿತ್ತು. ಹರಿಣಾಕ್ಷಿ ನಗಲಿಲ್ಲ. ಸೆರಗಿನ ತುದಿಯಿಂದ ಕಾರಿನ ಬಾಗಿಲ ಹಿಡಿಯನ್ನು ಒರೆಸಿದಳು. ಅಲ್ಲಿ ಧೂಳು ಇರಲಿಲ್ಲ. ಆ ಒರೆಸುವ ಕೈ ಅವನಿಗೆ ಆಮೇಲಿನ ದಿನಗಳಲ್ಲಿ ಎಲ್ಲೆಂದರಲ್ಲಿ ಕಾಣಿಸಿಕೊಳ್ಳತೊಡಗಿತು. ಊಟದ ತಟ್ಟೆಯ ಮುಂದೆ ಕುಳಿತಾಗ, ಬೇರೆ ಯಾರದೋ ಗಾಡಿಯ ನಟ್ಟು ಬಿಗಿಯುವಾಗ, ಹಲ್ಲುಜ್ಜುವಾಗ. ಆದರೆ ಅಂದು ಅವನೂ ನಕ್ಕಿದ್ದ. ಗೆದ್ದೆ ಎಂದೂ ಅನಿಸಿತ್ತು. ಮನುಷ್ಯ ಕೆಟ್ಟ ಕೆಲಸ ಮಾಡುವಾಗ ಅವನಿಗೆ ಎಷ್ಟು ಹಗುರ ಅನಿಸುತ್ತದೆ ಎಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾದದ್ದು ಹಟ್ಟಿಯಂಗಡಿಗೆ ಹೋಗಿ ಬರುವ ದಾರಿಯಲ್ಲಿ. ದೇವಸ್ಥಾನಕ್ಕೆ ಹೋಗದೆ ಎಷ್ಟು ಕಾಲವಾಯಿತು ಎಂದು ವಿನಯಾ ಹಟ ಹಿಡಿದಿದ್ದಳು. ಮನೆಯ ಹಳೆ ಓಮ್ನಿಯಲ್ಲಿ ಇಬ್ಬರೇ ಹೊರಟರು. ಹೊರಡುವ ಮೊದಲು ಅವನು ಅದನ್ನೂ ತನ್ನ ಕೈಯಾರೆ ಟ್ಯೂನ್ ಮಾಡಿದ್ದ. ತಿರುಗಿ ಬರುವಾಗ ಒಂದು ಏರಿನಲ್ಲಿ ವಿನಯಾ ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿ ಸರಿಮಾಡಿಕೊಳ್ಳುತ್ತ, ಅಡುಗೆಮನೆಯಿಂದ ಕೇಳುವ ಹಾಗೆ ಸಹಜವಾಗಿ ಕೇಳಿದಳು.

"ಹ್ವಾಯ್, ಎಂತ ಅದ್ ಶಬ್ದ? ಹುರ್ಳಿ ಹುರ್ದ್ ಹಾಂಗೆ."

ಯಾವ ಶಬ್ದ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಹಳೆ ಗಾಡಿ, ಬಾಗಿಲು ಸಡಿಲ ಎಂದ. ಬಾಗಿಲಿನ ಶಬ್ದವಾದರೆ ತಗ್ಗಿನಲ್ಲೂ ಬರಬೇಕಿತ್ತು; ಏರಿನಲ್ಲಿ, ಎಂಜಿನಿಗೆ ಭಾರ ಬಿದ್ದಾಗ ಮಾತ್ರ ಬರುವ, ಹುರುಳಿ ಹುರಿದಂಥ ಸಾಸಿವೆ ಸಿಡಿದಂಥ ಶಬ್ದ ಒಂದೇ ಒಂದು. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಕಿಡಿ ಬೇಗ ಹಾರಿದರೆ ಒಳಗಿನ ಬೆಂಕಿ ಪಿಸ್ಟನಿನ ತಲೆಗೆ ಎದುರಿನಿಂದ ಬಡಿಯುತ್ತದೆ. ಬಡಿಯುತ್ತ ಹೋದರೆ ಒಂದು ದಿನ ಪಿಸ್ಟನ್ನೇ ತೂತಾಗಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಇದು ಅವನಿಗೆ ನಿದ್ದೆಯಲ್ಲೂ ಗೊತ್ತಿದ್ದ ಪಾಠ. ಕಿಡಿ ಯಾವಾಗ ಹಾರಬೇಕು ಎಂಬುದನ್ನು ಹಳೆ ಗಾಡಿಗಳಲ್ಲಿ ಕೈಯಲ್ಲೇ ಕೂಡಿಸಬೇಕು. ಬೇರೆಯವರು ಅದಕ್ಕೆ ಲೈಟು ಹಿಡಿದು ಗುರುತು ನೋಡುತ್ತಾರೆ. ಸುಧಾಕರ ಲೈಟು ಹಿಡಿದವನಲ್ಲ. ಲೈಟು ಕಿವಿ ಇಲ್ಲದವರಿಗೆ ಎಂದು ಎಷ್ಟು ಮಂದಿಯ ಎದುರು ಹೇಳಿಲ್ಲ ಅವನು. ಅವನ ಕ್ರಮ ಬೇರೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಸ್ವಲ್ಪ ಮುಂದಕ್ಕೆ ತಿರುಗಿಸುವುದು, ಏರಿನಲ್ಲಿ ಓಡಿಸಿ ಕೇಳುವುದು, ಮತ್ತೆ ಸ್ವಲ್ಪ ತಿರುಗಿಸುವುದು. ಆ ಸಣ್ಣ ಸಿಡಿತ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿಯುವುದು. ಗಾಡಿ ಕುದುರೆಯ ಹಾಗೆ ಓಡುತ್ತದೆ. ಸಿಡಿತ ಶುರುವಾದದ್ದು ಕೇಳಿದರೆ ತಾನೆ ಹಿಂದಕ್ಕೆ ತರುವುದು. ಕೇಳದಿದ್ದರೆ ಇನ್ನೂ ಇದೆ, ಇನ್ನೂ ಇದೆ ಎಂದು ಮುಂದಕ್ಕೇ ತಿರುಗಿಸುತ್ತ ಹೋಗುವುದು.

ಮನೆಗೆ ಬಂದು, ವಿನಯಾ ಸೀರೆ ಬದಲಿಸಲು ಒಳಗೆ ಹೋದಾಗ, ಕಳ್ಳನ ಹಾಗೆ ಓಮ್ನಿಯ ಸೀಟು ಎತ್ತಿ ಅಡಿಯಲ್ಲಿದ್ದ ಎಂಜಿನಿನ ಗುರುತುಗಳನ್ನು ಕೂಡಿಸಿ ನೋಡಿದ. ಇರಬೇಕಾದಲ್ಲಿಂದ ಎಷ್ಟೋ ಮುಂದೆ ಹೋಗಿತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಓಮ್ನಿ ಹೀಗಾದರೆ ಹರಿಣಾಕ್ಷಿಯ ಮಾರುತಿಯೂ ಹೀಗೇ. ಮಾರುತಿ ಹೀಗಾದರೆ ಕಳೆದ ಮಳೆಗಾಲದಿಂದೀಚೆ ಅವನ ಕೈಯಿಂದ ಹೋದ ಹಳೆ ಗಾಡಿಗಳೆಲ್ಲ ಹೀಗೇ. ಯಾವ ಯಾವ ಏರಿನಲ್ಲಿ ಯಾವ ಯಾವ ಗಾಡಿ ಸಾಸಿವೆ ಸಿಡಿಸುತ್ತ ಹೋಗುತ್ತಿದೆಯೋ. ಒಳಗೆ ಕುಳಿತವರು ಕೇಳಿಸಿಕೊಂಡು, ಸುಧಾಕರ ನೋಡಿದ ಗಾಡಿಯಲ್ಲವೇ, ಏನೂ ಇರಲಿಕ್ಕಿಲ್ಲ ಎಂದು ಸುಮ್ಮನಾಗಿರುತ್ತಾರೆ. ಸುಮ್ಮನಾಗದೆ ಬಂದು ಕೇಳಿದವಳು ಒಬ್ಬಳೇ. ಅವಳಿಗೆ ಅವನು ಕೊಟ್ಟ ಉತ್ತರ ಅದು.

ಗುಟ್ಟಾಗಿ ಸರಿ ಮಾಡಿಕೊಟ್ಟರಾಯಿತು ಎಂಬುದು ಮೊದಲು ಹೊಳೆದ ದಾರಿ. ಕರೆಸುವುದು, ಎಣ್ಣೆ ನೋಡುವ ನೆಪದಲ್ಲಿ ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ತರುವುದು, ಕಳಿಸುವುದು. ಶಬ್ದ ಹೋಗುತ್ತದೆ, ಪಿಸ್ಟನ್ ಉಳಿಯುತ್ತದೆ. ಆಮೇಲೆ ರಾತ್ರಿಯೂಟಕ್ಕೆ ಕುಳಿತಾಗ ಬೇರೊಂದು ಯೋಚನೆ ಬಂತು. ಶಬ್ದ ಕಾರಣವಿಲ್ಲದೆ ತಾನಾಗಿ ನಿಂತುಹೋದರೆ ಆಕೆ ಏನೆಂದುಕೊಳ್ಳಬೇಕು. ಇದ್ದದ್ದು ಹೌದೋ ಅಲ್ಲವೋ ಎಂದು ತನ್ನ ತಲೆಯನ್ನೇ ನಂಬದ ಹಾಗೆ ಆಗುವುದಿಲ್ಲವೇ. ಅಂದು ಬೆಂಚಿನ ಎದುರು ಅರ್ಧ ಮಾಡಿದ ಅವಮಾನವನ್ನು ಈ ರಿಪೇರಿಯಿಂದ ಪೂರ್ತಿ ಮಾಡಿದ ಹಾಗಾಗುತ್ತದೆ. ಇಲ್ಲ, ಹೇಳಲೇಬೇಕು. ಶಬ್ದ ಇತ್ತು ಅಕ್ಕ, ಮಾಡಿದವನು ನಾನೇ, ನನಗೆ ಕೇಳುವುದಿಲ್ಲ ಎಂದು ಹೇಳಲೇಬೇಕು. ಮನಸ್ಸಿನೊಳಗೆ ಬಹಳ ಸಲ ಹೇಳಿಕೊಂಡ. ಮೊದಲಿನ ಎರಡು ಮಾತು ಸಲೀಸಾಗಿ ಬರುತ್ತಿದ್ದವು. ಮೂರನೆಯದು ಮನಸ್ಸಿನೊಳಗೂ ಬರುತ್ತಿರಲಿಲ್ಲ.

ಬಿಳಿ ಮಾರುತಿ ತಿರುವಿನಲ್ಲಿ ಕಾಣಿಸಿದಾಗ ಅವನು ಬೇಕೆಂದೇ ಒಳಗೆ ಹೋಗಿ ಏನನ್ನೋ ಹುಡುಕುವವನ ಹಾಗೆ ನಿಂತ. ಆಕೆ ಒಬ್ಬಳೇ ಬಂದಿದ್ದಳು. ಶೆಟ್ಟರು ಹಿಂದಿನಿಂದ ಬಸ್ಸಿಗೆ ಬರುತ್ತಾರೆ, ಇವತ್ತು ಕಾರಿನದ್ದು ಒಂದು ತೀರ್ಮಾನ ಮಾಡಲಿಕ್ಕುಂಟಂತೆ ಎಂದಳು. ಗುಜರಿಯವನೊಬ್ಬ ಬಂದು ನೋಡಿ ಹೋಗಿದ್ದಾನೆ. ಇನ್ನೊಮ್ಮೆ ಶಬ್ದ ಗಿಬ್ದ ಎಂದು ಬಾಯಿ ತೆಗೆದರೆ ಕಾರು ಅವನ ಪಾಲಿಗೆ ಎಂದು ಶೆಟ್ಟರು ಹೇಳಿದ್ದಾರೆ. ಇದನ್ನೆಲ್ಲ ಆಕೆ ದೂರುವ ದನಿಯಲ್ಲಿ ಹೇಳಲಿಲ್ಲ, ಅಂಗಡಿಯಿಂದ ಏನೇನು ತರಬೇಕು ಎಂದು ಹೇಳುವ ಹಾಗೆ ಹೇಳಿದಳು. ಈಗಲೂ ಶಬ್ದ ಬರುತ್ತದೆಯೇ ಎಂದು ಅವನು ಕೇಳಿದ. ಆಕೆ ನೆಲ ನೋಡಿದಳು. ಏರು ಬಂದಾಗ ರೇಡಿಯೋ ದೊಡ್ಡದು ಮಾಡಿಕೊಳ್ಳುತ್ತೇನೆ ಎಂದಳು. ಆಮೇಲೆ, ಹೇಳಬೇಕೋ ಬೇಡವೋ ಎಂದು ತಡೆದು ಹೇಳಿದಳು.

"ಕುಂದಾಪ್ರಕ್ಕೆ ಹೋಯಿ ಕೆಮಿ ಡಾಕ್ಟ್ರಿಗೆ ತೋರ್ಸ್ಕಂಡ್ ಬಂದೆ. ಕೆಮಿ ಸಮಾ ಇತ್ತಂಬ್ರ್. ಹಾಂಗಾರೆ ತಲಿಯಗೇ ಎಂತದೋ ಆಯ್ತ್ ಅಂದೇಳಿ ಹೆದ್ರಿಕಿ."

ಸುಧಾಕರ ಸ್ಪ್ಯಾನರ್ ತೆಗೆದುಕೊಂಡು ಬಾನೆಟಿನೊಳಗೆ ತಲೆ ಹಾಕಿದ. ಬಾನೆಟಿನೊಳಗೆ ತಲೆ ಹಾಕಿದವನ ಮುಖವನ್ನು ಯಾರೂ ನೋಡುವುದಿಲ್ಲ. ಈ ಕಸುಬಿನಲ್ಲಿ ಅಷ್ಟಾದರೂ ಅನುಕೂಲ ಉಂಟು. ತಾನು ನಗಿಸಲು ಆಡಿದ ಒಂದು ಮಾತನ್ನು ಹೊತ್ತುಕೊಂಡು ಒಬ್ಬ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕುಳಿತಿದ್ದಳು. ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಶಬ್ದ ಕೇಳಿದರೆ ಕೈ ಎತ್ತಿ ಎಂದಿರಬೇಕು. ಆಕೆ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿರಬೇಕು, ಪ್ರತಿ ಸಲವೂ ಸರಿಯಾಗಿ. ಆ ಕೋಣೆಯಲ್ಲಿ ಕುಳಿತುಕೊಳ್ಳಬೇಕಾಗಿದ್ದವನು ಅವನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೆಲಸಕ್ಕೆ ಬಾರದ ಕಿವಿಗೂ ನಾಚಿಕೆ ಮಾತ್ರ ಸರಿಯಾಗಿ ತಿಳಿಯುತ್ತದೆ. ಗುರುತು ನೋಡಿದ. ಓಮ್ನಿಯದ್ದಕ್ಕಿಂತಲೂ ಮುಂದೆ ಇತ್ತು. ಬೋಲ್ಟು ಸಡಿಲಿಸಿ ಹಿಂದಕ್ಕೆ ತಂದ. ಆದರೆ ಗುರುತು ಹೊಸ ಎಂಜಿನಿನ ಮಾತು. ಒಳಗೆ ಮಸಿ ಕಟ್ಟಿದ ಹಳೆ ಎಂಜಿನಿನದ್ದನ್ನು ಕೊನೆಗೆ ಏರಿನಲ್ಲಿ ಕೇಳಿಯೇ ಕೂಡಿಸಬೇಕು. ಕೇಳುವವರು ಯಾರು.

ನೀವೇ ಓಡಿಸಿ, ನಾನು ಪಕ್ಕದಲ್ಲಿ ಕುಳಿತು ನೋಡುತ್ತೇನೆ ಎಂದ. ಗಿರಾಕಿಗೆ ಸಮಾಧಾನ ಆಗಬೇಕಲ್ಲ ಎಂದೂ ಸೇರಿಸಿದ. ಈ ಸುಳ್ಳು ಎಷ್ಟು ಚಂದ ಸಿದ್ಧವಾಗಿ ಬಾಯಿಗೆ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಕಾರು ಪೇಟೆ ದಾಟಿತು. ಆಕೆ ಚೆನ್ನಾಗಿ ಓಡಿಸುತ್ತಿದ್ದಳು, ಗೇರು ಬದಲಿಸಿದ್ದು ಗೊತ್ತಾಗದ ಹಾಗೆ. ರೇಡಿಯೋ ಬಂದ್ ಮಾಡಿದ್ದಳು. ಏರು ಶುರುವಾದಾಗ ಅವಳ ಕುತ್ತಿಗೆ ಸ್ವಲ್ಪ ವಾಲಿತು. ಅವನು ರಸ್ತೆಯನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. ಹುಬ್ಬಿನ ನಡುವೆ ಒಂದು ಗೆರೆ ಮೂಡಿತು. ಇದೆ, ಇನ್ನೂ ಇದೆ ಎಂದು ಆ ಗೆರೆ ಹೇಳಿತು. ಬಾಯಿ ಬಿಟ್ಟು ಆಕೆ ಏನೂ ಹೇಳಲಿಲ್ಲ. ಒಮ್ಮೆ ಹೇಳಿ ಪಟ್ಟದ್ದು ಸಾಕಾಗಿತ್ತು ಎಂದು ಕಾಣುತ್ತದೆ. ಏರಿನ ತಲೆಯಲ್ಲಿ, ಮಾವಿನ ಮರವೊಂದರ ನೆರಳಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ನೀವೇ ಹೇಳಿ ಎಂಬ ಹಾಗೆ ಅವನ ಕಡೆ ತಿರುಗಿದಳು.

ಏನಾದರೂ ಹೇಳಬೇಕಿತ್ತು. ಹೇಳಬೇಕಾದದ್ದನ್ನು ಬಿಟ್ಟು ಬೇರೆ ಏನಾದರೂ. ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು, ಬದಿಗೆ ಅಲ್ಲಲ್ಲಿ ತೂತು.

"ಪೆಟ್ಗಿಯಗ್ ಎಂತ ಅಕ್ಕ, ಮಾಯ್ನ್ ಹಣ್ಣಾ?"

"ಕೋಳಿಮರಿ," ಎಂದಳು ಆಕೆ. ಆಮೇಲೆ ಅವನನ್ನು ನೋಡಿದಳು. "ಮನಿಯಿಂದ ಹೊರಟಲ್ಲಿಂದ ಕೂಗ್ತೇ ಇದ್ದೊ. ನಿಮ್ಗ್ ಕೇಣ್ತಿಲ್ಯಾ?"

ಎಂಜಿನ್ ಶಬ್ದಕ್ಕೆ ಗೊತ್ತಾಗಲಿಲ್ಲ ಎಂದುಬಿಟ್ಟ. ಅಂದ ಮೇಲೆ ನೆನಪಾಯಿತು, ಎಂಜಿನ್ ಬಂದಾಗಿ ಆಗಲೇ ಸುಮಾರು ಹೊತ್ತಾಗಿತ್ತು. ಮರದ ಕೆಳಗೆ ಗಾಳಿಯೂ ಇರಲಿಲ್ಲ. ಅವನು ಪೆಟ್ಟಿಗೆಯ ಕಡೆ ತಿರುಗಿ ನೋಡಿದ. ಒಂದು ತೂತಿನಿಂದ ಸಣ್ಣ ಹಳದಿ ಕೊಕ್ಕು ಹೊರಗೆ ಬಂದಿತ್ತು. ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಅದರಿಂದ ಏನೂ ಬರುತ್ತಿರಲಿಲ್ಲ. ಪೆಟ್ಟಿಗೆ ತುಂಬ ಮರಿಗಳು ಪ್ರಾಣ ಹೋಗುವ ಹಾಗೆ ಕೂಗುತ್ತಿರಬೇಕು, ಕಾರೆಲ್ಲ ಆ ಕೂಗೇ ತುಂಬಿರಬೇಕು. ಅದರ ನಡುವೆ ಕುಳಿತು ಅವನು ಮಾವಿನ ಹಣ್ಣೇ ಎಂದು ಕೇಳಿದ್ದ. ಬಟ್ಟೆ ಇಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಂತೆ ಅನಿಸಿತು.

ಹರಿಣಾಕ್ಷಿ ಮತ್ತೆ ಪ್ರಶ್ನೆ ಕೇಳಲಿಲ್ಲ. ಅವಳಿಗೆ ಎಲ್ಲ ತಿಳಿಯಿತು ಎಂಬುದು ಅವಳು ಕೇಳದೆ ಬಿಟ್ಟದ್ದರಲ್ಲೇ ಇತ್ತು. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ರಸ್ತೆಯನ್ನು ನೋಡಿದಳು. ನಗುತ್ತಾಳೆ ಎಂದುಕೊಂಡ, ನಗಬೇಕು ಎಂದೂ ಆಸೆಪಟ್ಟ. ನಕ್ಕಿದ್ದರೆ ಅಂದಿನದಕ್ಕೆ ಇಂದಿನದು ಸರಿಹೋಗಿ, ಅವನು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಆಕೆ ಹೇಳಿದ್ದು ಇಷ್ಟೇ: "ಇನ್ನೂ ಸ್ವಲ್ಪ ಇತ್ತ್. ಮೊದ್ಲಿನಷ್ಟ್ ಇಲ್ಲೆ."

ಅವನು ಇಳಿದು ಬಾನೆಟ್ ಎತ್ತಿದ. ಬಿಸಿ ಲೋಹ ಬೆರಳಿಗೆ ತಾಗಿ ಚುರ್ ಎಂದಿತು, ಕೈ ಹಿಂದೆಗೆಯಲಿಲ್ಲ. ಒಂದಿಷ್ಟು ಹಿಂದಕ್ಕೆ ತಿರುಗಿಸಿದ. ಕೆಳಗೆ ಹೋಗಿ ಮತ್ತೆ ಏರು ಹತ್ತಿದರು. ಆಕೆ ಕುತ್ತಿಗೆ ವಾಲಿಸಿ ಕೇಳಿದಳು, ಉಂಟು ಎಂದಳು. ಅವನು ಇಳಿದ, ತಿರುಗಿಸಿದ, ಹತ್ತಿದ. ಮತ್ತೆ ಕೆಳಗೆ, ಮತ್ತೆ ಮೇಲೆ. ಇಬ್ಬರ ನಡುವೆ ಉಂಟು, ಇಲ್ಲ ಎಂಬುದು ಬಿಟ್ಟು ಬೇರೆ ಮಾತಿರಲಿಲ್ಲ. ಅವಳ ಕಿವಿಯಿಂದ ಅವನ ಕೈ ಕೆಲಸ ಮಾಡುತ್ತಿತ್ತು. ಒಂದು ಸಲ ಆಕೆ, ಹಿಂದೆ ಜಾಸ್ತಿ ಹೋಯಿತೋ ಏನೋ, ಈಗ ಎಳೆಯುವುದಿಲ್ಲ ಎಂದಳು. ಅದೂ ಸರಿಯಾಗಿತ್ತು. ಅವನು ತುಸು ಮುಂದಕ್ಕೆ ತಂದ. ಇಷ್ಟು ಚೊಕ್ಕವಾಗಿ ಟೈಮಿಂಗ್ ಕೂಡಿಸಿ ಅವನಿಗೆ ಎಷ್ಟೋ ಕಾಲವಾಗಿತ್ತು. ಆ ಸಂತೋಷ ಒಂದು ಗಳಿಗೆ ಬಂತು ಕೂಡಾ. ಬಂದದ್ದಕ್ಕೆ ಮತ್ತೂ ನಾಚಿಕೆಯಾಯಿತು. ಕೊನೆಯ ಸಲ ಏರಿನ ತಲೆಗೆ ಬಂದಾಗ ಅವಳ ಹುಬ್ಬಿನ ನಡುವಿನ ಗೆರೆ ಇರಲಿಲ್ಲ. ಇಲ್ಲ ಎಂದಳು. ಖಂಡಿತವಾ ಎಂದು ಅವನು ಕೇಳಿದ. ನಾ ಹೇಳ್ತೆ ಅಲ್ದಾ ಎಂದಳು. ಅವಳ ಮಾತನ್ನು ನಂಬುವುದು ಬಿಟ್ಟು ಅವನಿಗೆ ಬೇರೆ ಗತಿ ಇರಲಿಲ್ಲ.

ಈಗ ಹೇಳಬೇಕು ಎಂದು ಗಂಟಲು ಸರಿಮಾಡಿಕೊಂಡ. "ಅಕ್ಕ, ಅವತ್ತ್ ನಾ..." ಎಂದ.

"ಹೋಪ. ಮರಿಗಳಿಗ್ ಸೆಕಿ ಆತ್ತ್," ಎಂದು ಆಕೆ ಕಾರು ತಿರುಗಿಸಿದಳು.

ಬಿಟ್ಟುಬಿಟ್ಟಳು ಎಂದು ಮೈ ಹಗುರಾಯಿತು. ಹಗುರಾದದ್ದು ತಿಳಿದು ಮತ್ತೆ ಭಾರವಾಯಿತು. ಇಳಿಜಾರಿನಲ್ಲಿ ಬರುತ್ತ ಅವನು ಒಂದು ತೀರ್ಮಾನಕ್ಕೆ ಬಂದ. ಇಲ್ಲಿ, ಮರದ ಕೆಳಗೆ, ಯಾರಿಲ್ಲದ ಕಡೆ ಹೇಳಿದರೆ ಅದು ಹೇಳಿದ ಹಾಗೆಯೇ ಅಲ್ಲ. ಅವಮಾನ ಮಾಡಿದ್ದು ಬೆಂಚಿನ ಎದುರು, ಹೇಳುವುದೂ ಬೆಂಚಿನ ಎದುರೇ. ಶೆಟ್ಟರೂ ಬಂದಿರುತ್ತಾರೆ, ಒಳ್ಳೆಯದಾಯಿತು. ಶಬ್ದ ಇದ್ದದ್ದು ಹೌದು ಶೆಟ್ಟರೇ, ತಪ್ಪು ನನ್ನದು, ಈಗ ಗಾಡಿ ಬೆಣ್ಣೆಯ ಹಾಗಿದೆ, ಗುಜರಿಗೆ ಕೊಡಬೇಡಿ. ಮನಸ್ಸಿನಲ್ಲೂ ಬಾರದಿದ್ದ ಆ ಮೂರನೆಯ ಮಾತನ್ನೂ ಆಗಲೇ ಹೇಳಿಬಿಡುವುದು. ಅದನ್ನು ಹೇಳಿದ ಮೇಲೆ ಜಿತೇಂದ್ರನ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಂಡ. ನಾಳೆಯಿಂದ ಗ್ಯಾರೇಜಿಗೆ ಯಾರು ಬರುತ್ತಾರೆ ಎಂದೂ ಯೋಚಿಸಿದ. ಆದರೂ ಹೇಳುವುದೇ ಎಂದು ಗಟ್ಟಿ ಮಾಡಿಕೊಂಡ. ಪೇಟೆ ಹತ್ತಿರವಾಗುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಆ ಶಬ್ದ ಅವನಿಗೆ ಚೆನ್ನಾಗಿ ಕೇಳುತ್ತಿತ್ತು.

ಶೆಟ್ಟರು ಬಂದಿದ್ದರು. ಬೆಂಚಿನ ನಡುವೆ ಕುಳಿತು ಚಾ ಕುಡಿಯುತ್ತಿದ್ದರು. ಅಕ್ಕಪಕ್ಕದಲ್ಲಿ ಜಿತೇಂದ್ರ, ಇನ್ನಿಬ್ಬರು ಅಂದಿನವರೇ. ಕಾರು ನಿಂತಿತು. ಇಬ್ಬರೂ ಇಳಿದರು. ಸುಧಾಕರ ಬಾನೆಟಿಗೆ ಒರಗಿ ನಿಂತು, ಕೈಯಲ್ಲಿದ್ದ ಮಸಿಬಟ್ಟೆಯನ್ನು ಹಿಂಡುತ್ತ, ಮೊದಲಿನ ಮಾತನ್ನು ನಾಲಗೆಯ ತುದಿಗೆ ತಂದುಕೊಂಡ. ಅಷ್ಟರಲ್ಲಿ ಜಿತೇಂದ್ರ, ಏನಕ್ಕ, ಸಾಸಿವೆ ಇನ್ನೂ ಸಿಡಿಯುತ್ತದೆಯಾ ಎಂದು ಕೇಳಿ ಎಲ್ಲರ ಮುಖ ನೋಡಿದ. ನಗು ಬಾಯಂಚಿಗೆ ಬಂದು ಕಾಯುತ್ತಿತ್ತು.

ಹರಿಣಾಕ್ಷಿ ಸುಧಾಕರನ ಕಡೆ ನೋಡಿದಳು. ಅವನ ಬಾಯಿ ಅರ್ಧ ತೆರೆದಿತ್ತು. ಆ ಅರ್ಧ ತೆರೆದ ಬಾಯಿ ಎಷ್ಟು ದೀನವಾಗಿ ಕಂಡಿತೋ ಏನೋ, ಆಕೆಯೇ ಮುಂದಾಗಿ ಗಂಡನಿಗೆ ಹೇಳಿದಳು.

"ಎಂತದೂ ಇಲ್ಲೆ. ಸುಧಾಕರಣ್ಣ ಅಂದೇ ಹೇಳಿದ್ರಲೆ. ನಾನೇ ಸುಮ್ನೆ ಗಡಿಬಿಡಿ ಮಾಡದ್ದ್."

ಬೆಂಚು ನಕ್ಕಿತು. ಹಾಗಾದರೆ ಆಸ್ಪತ್ರೆಗೆ ಸುರಿದದ್ದು ದಂಡವೇ ಎಂದು ಶೆಟ್ಟರು ತೊಡೆ ತಟ್ಟಿದರು. ಆದರೆ ಅವರು ಮುಂಬಯಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಜನರ ಮುಖ ಓದಿದವರು. ಹೆಂಡತಿ ಇಷ್ಟು ಸುಲಭದಲ್ಲಿ ಸೋತದ್ದು ಅವರಿಗೆ ಪೂರ್ತಿ ಸಮ ಕಾಣಲಿಲ್ಲ. ಗ್ಲಾಸು ಕೆಳಗಿಟ್ಟು, ನಗು ನಿಲ್ಲಿಸಿ, ಸುಧಾಕರನ ಕಡೆ ತಿರುಗಿ ನಿಧಾನವಾಗಿ ಕೇಳಿದರು.

"ಹೌದಾ ಸುಧಾಕರ? ಮೊದ್ಲಿಂದ್ಲೂ ಎಂತದೂ ಇರ್ಲಿಲ್ಯಾ?"

ಇದಕ್ಕಿಂತ ಅಗಲವಾದ ಬಾಗಿಲನ್ನು ಯಾರೂ ಯಾರಿಗೂ ತೆರೆದು ಕೊಡುವುದಿಲ್ಲ. ಇತ್ತು ಎಂದರೆ ಸಾಕಿತ್ತು. ಆ ಒಂದು ಮಾತಿನಲ್ಲಿ ಕಾರೂ ಉಳಿಯುತ್ತಿತ್ತು, ಅವಳ ಮಾತೂ ಉಳಿಯುತ್ತಿತ್ತು. ಹೋಗುವುದು ಇವನದ್ದೊಂದು ಹೆಸರು, ಅದೂ ಆಗಲೇ ಹೋಗಿಬಿಟ್ಟದ್ದು. ಹರಿಣಾಕ್ಷಿ ಕಾರಿನ ಆಚೆ ಬದಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವಳು ಅವನ ಮರ್ಯಾದೆ ಉಳಿಸಲು ಸುಳ್ಳು ಹೇಳಿದಳೋ, ಕಾರು ಉಳಿಸಿಕೊಳ್ಳಲು ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಆದರೆ ಈಗ ಅವಳ ಕಣ್ಣಿನಲ್ಲಿ ಇದ್ದದ್ದು ಕಾಯುವಿಕೆ ಎಂಬುದು ಮಾತ್ರ ತಿಳಿಯಿತು. ಅವನು ಹೇಳುತ್ತಾನೆ ಎಂದು ಅವಳು ನಂಬಿದ್ದಳು.

"ಎಂತದೂ ಇರ್ಲಿಲ್ಲೆ ಶೆಟ್ರೆ," ಎಂದ ಸುಧಾಕರ.

ಅವನ ಕಿವಿಯೆಂದರೆ ಕಿವಿ ಎಂದು ಬೆಂಚಿನಿಂದ ಯಾರೋ ಹೇಳಿದರು. ಶೆಟ್ಟರು ಎದ್ದು ಪಂಚೆ ಕೊಡವಿ, ಅಂತೂ ತಲೆಬಿಸಿ ಮುಗಿಯಿತು, ಗುಜರಿಯವನಿಗೆ ಇನ್ನು ಬರಬೇಡ ಎಂದರಾಯಿತು ಎನ್ನುತ್ತ ಮುಂದಿನ ಸೀಟಿಗೆ ಹತ್ತಿ ಕುಳಿತರು. ಹರಿಣಾಕ್ಷಿ ಇನ್ನೂ ಒಂದು ಗಳಿಗೆ ಅಲ್ಲೇ ನಿಂತಿದ್ದಳು. ಆಮೇಲೆ ಹಿಂದಿನ ಬಾಗಿಲು ತೆರೆದು, ಬಿಸಿಲು ಬೀಳುತ್ತಿದ್ದ ಪೆಟ್ಟಿಗೆಯನ್ನು ನೆರಳಿನ ಬದಿಗೆ ಸರಿಸಿ, ಸುಧಾಕರನ ಕಡೆ ನೋಡದೆ, ಒಳಗೆ ಕುಳಿತು ಕಾರು ಚಾಲೂ ಮಾಡಿದಳು. ಅವನು ಬಾನೆಟಿನಿಂದ ಬೆನ್ನು ತೆಗೆದು ದಾರಿ ಬಿಟ್ಟು ನಿಂತ.